ಮುಚ್ಚಿಟ್ಟ ಪಾಪ: ಯಾರ ಮುಂದೆ ಬಾಯಿಬಿಡುವುದು?

ಬತ್ಷೆಬೆಯ ಜೊತೆ ವ್ಯಭಿಚಾರ ಮಾಡಿ, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಸಾಯಿಸಿದ ಮೇಲೆ ಬೈಬಲ್ಲಿನ ರಾಜ ದಾವೀದ ಏನೂ ಆಗದವನಂತೆ ಇದ್ದುಬಿಟ್ಟ. ಮಗು ಹುಟ್ಟಿದರೂ ಬಾಯಿಬಿಡಲಿಲ್ಲ. ಆಗ ಪ್ರವಾದಿ ನಾತಾನ ಬಂದು ಒಂದು ಕಥೆ ಹೇಳಿದ. ಬಡವನ ಹತ್ತಿರ ಇದ್ದ ಒಂದೇ ಕುರಿಮರಿಯನ್ನು ಶ್ರೀಮಂತನೊಬ್ಬ ಕಿತ್ತುಕೊಂಡ ಕಥೆ. ಕೇಳಿದ ದಾವೀದನಿಗೆ ಸಿಟ್ಟು ನೆತ್ತಿಗೇರಿತು, ಅದೂ ಆ ಶ್ರೀಮಂತನ ಮೇಲೆ! ‘ಆ ಮನುಷ್ಯ ನೀನೇ’ ಅಂತ ನಾತಾನ ಬಿಡಿಸಿ ಹೇಳಬೇಕಾಯಿತು.

ವಿಶ್ವಾಸಿಗೆ ಪಶ್ಚಾತ್ತಾಪ ಬೇಕು ಎನ್ನುವುದರ ಬಗ್ಗೆ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಜಗಳವೇ ಇರಲಿಲ್ಲ. ಯಾರ ಮುಂದೆ, ಎಷ್ಟು ಸಲ ಎನ್ನುವುದಕ್ಕೆ ಮಾತ್ರ ಶತಮಾನಗಳ ಜಗಳ ನಡೆದಿದೆ.

ಶುರುವಿನಲ್ಲಿ ಅದು ಎಲ್ಲರ ಮುಂದೆಯೇ ನಡೆಯುತ್ತಿತ್ತು. ದೀಕ್ಷಾಸ್ನಾನದ ನಂತರ ದೊಡ್ಡ ಪಾಪ ಮಾಡಿದವನು ಗೋಣಿತಟ್ಟು ಉಟ್ಟು, ಬೂದಿ ಬಳಿದುಕೊಂಡು, ಚರ್ಚಿನ ಒಳಗೆ ಹೋಗುವವರ ಪ್ರಾರ್ಥನೆ ಬೇಡಬೇಕಿತ್ತು. ಕ್ರಿ.ಶ. 325ರಲ್ಲಿ ಬಿಷಪ್‌ಗಳು ಸೇರಿದ್ದ ನೈಸಿಯಾ ಮಹಾಸಭೆ, ಯಾರೂ ಬಲವಂತ ಮಾಡದಿದ್ದರೂ ನಂಬಿಕೆ ಬಿಟ್ಟುಕೊಟ್ಟವರಿಗೆ ಹಾಕಿದ ಲೆಕ್ಕ ನೋಡಿ: 3 ವರ್ಷ ಸುಮ್ನೆ ಕೇಳಿಸಿಕೊಳ್ಳಬೇಕು, 7 ವರ್ಷ ಅಡ್ಡಬೀಳಬೇಕು, ಇನ್ನೂ 2 ವರ್ಷ ಪ್ರಾರ್ಥನೆಗೆ ಸೇರಬಹುದು, ಆದರೆ ಪ್ರಭುಭೋಜನ (ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ) ಇಲ್ಲ. ಚಕ್ರವರ್ತಿಗೂ ವಿನಾಯಿತಿ ಇರಲಿಲ್ಲ. ಥೆಸಲೋನಿಕದಲ್ಲಿ ಸಾವಿರಾರು ಜನರ ಹತ್ಯೆಗೆ ಕಾರಣನಾದ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್‌ಗೆ 390ರಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ಪ್ರಭುಭೋಜನ ಕೊಡಲು ಒಪ್ಪಲಿಲ್ಲ. ಅವನೂ ಜನರ ಮುಂದೆ ಪಶ್ಚಾತ್ತಾಪಪಡಬೇಕಾಯಿತು.

ಇಂಥ ಅವಕಾಶ ಸಿಗುತ್ತಿದ್ದದ್ದು ಜೀವನದಲ್ಲಿ ಒಂದೇ ಸಲ. ಹಾಗಾಗಿ ಜನ ಏನು ಮಾಡಿದರು? ಸಾಯುವ ಹೊತ್ತಿಗೆ ನೋಡಿಕೊಳ್ಳೋಣ ಅಂತ ಮುಂದೂಡಿದರು. ಬಯಲಿಗೆ ತರಲೆಂದು ಮಾಡಿದ ಕ್ರಮ ಪಾಪವನ್ನು ಇನ್ನಷ್ಟು ಒಳಗೆ ತಳ್ಳಿತು.

ದಾರಿ ಬಂದದ್ದು ಐರ್ಲೆಂಡಿನ ಮಠಗಳಿಂದ, 6ನೇ ಶತಮಾನದಲ್ಲಿ. ಒಬ್ಬರ ಕಿವಿಗೆ ಮಾತ್ರ ಹೇಳುವುದು, ಎಷ್ಟು ಸಲ ಬೇಕಾದರೂ. ಹಾಗೆ ಕೇಳಿಸಿಕೊಳ್ಳುವವನನ್ನು ಅವರು ‘ಆತ್ಮದ ಗೆಳೆಯ’ ಎಂದು ಕರೆಯುತ್ತಿದ್ದರು. ಎಷ್ಟು ಚೆಂದದ ಹೆಸರು! ಆದರೆ ಯಾವ ಪಾಪಕ್ಕೆ ಎಷ್ಟು ದಿನ ಉಪವಾಸ ಎಂಬ ಪಟ್ಟಿ ಪುಸ್ತಕಗಳೂ ಜೊತೆಗೇ ಬಂದವು. 1215ರಲ್ಲಿ ರೋಮಿನಲ್ಲಿ ಸೇರಿದ ನಾಲ್ಕನೇ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಕಡ್ಡಾಯ ಎಂದಿತು. ಗುಟ್ಟು ಬಿಟ್ಟುಕೊಟ್ಟ ಪಾದ್ರಿಗೆ ಹುದ್ದೆಯೂ ಹೋಗಿ, ಸಾಯುವವರೆಗೆ ಮಠವಾಸ.

ಪಟ್ಟಿ ಬಂದ ಮೇಲೆ ಹೊಸ ಕಾಯಿಲೆ ಶುರುವಾಯಿತು. ಏನಾದರೂ ಬಿಟ್ಟುಹೋಯಿತಾ ಎಂಬ ಭಯ. ಇದಕ್ಕೆ ಅವರು ಬಳಸುತ್ತಿದ್ದ ಲ್ಯಾಟಿನ್ ಪದ ಸ್ಕ್ರೂಪುಲಸ್, ಅಂದರೆ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿಕೊಂಡರೆ ಹೇಗಿರುತ್ತೆ, ಹಾಗೆ. ಮುಂದೆ ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ ಜರ್ಮನಿಯ ಎರ್ಫುರ್ಟ್ ಮಠದಲ್ಲಿದ್ದಾಗ ಗಂಟೆಗಟ್ಟಲೆ ಪಾಪ ಹೇಳಿಕೊಂಡು, ಹೊರಗೆ ಬಂದ ಮೇಲೆ ಇನ್ನೊಂದು ನೆನಪಾಗಿ ಒದ್ದಾಡುತ್ತಿದ್ದ. 1522ರಲ್ಲಿ, ಮುಂದೆ ಕ್ಯಾಥೊಲಿಕರ ಜೆಸ್ಯುಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೊಲಾ ಸ್ಪೇನಿನ ಮೊನ್ಸೆರಾತ್‌ನಲ್ಲಿ ಮೂರು ದಿನ ಕೂತು ಎಲ್ಲವನ್ನೂ ಬರೆದು ಒಪ್ಪಿಸಿದ. ಆದರೂ ನೆಮ್ಮದಿ ಇಲ್ಲ. ಸಾಯುವ ಯೋಚನೆಯೂ ಬಂತು. ಕೊನೆಗೆ, ಹಳೆಯದನ್ನು ಮತ್ತೆ ಹೇಳುವುದಿಲ್ಲ ಎಂದು ನಿರ್ಧರಿಸಿದ ದಿನ ಬಿಡುಗಡೆ ಸಿಕ್ಕಿತು. ಸಭೆಯ ಇತಿಹಾಸದಲ್ಲಿ ಎದುರುಬದುರಾಗಿ ನಿಂತ ಇಬ್ಬರನ್ನೂ ಚುಚ್ಚಿದ್ದು ಒಂದೇ ಕಲ್ಲು.

ಲೂಥರ್‌ಗೆ ಬಿಡುಗಡೆ ಸಿಕ್ಕಿದ್ದು ಪದದ ದಾರಿಯಲ್ಲೂ ಹೌದು. ಲ್ಯಾಟಿನ್ ಬೈಬಲ್ಲಿನ ಮಾತನ್ನು ಜನ ‘ಪ್ರಾಯಶ್ಚಿತ್ತ ಮಾಡಿ’ ಎಂದು ಓದುತ್ತಿದ್ದರು. ಮೂಲ ಗ್ರೀಕ್ ಪದ ಮೆತನೋಯಾ, ಅಂದರೆ ಮನಸ್ಸು ತಿರುಗುವುದು. ನಮ್ಮಲ್ಲಿ ಇದಕ್ಕೆ ‘ಮಾನಸಾಂತರ’ ಎಂಬ ಬೇರೆಯೇ ಪದ ಇದೆ, ಗೊಂದಲ ಸ್ವಲ್ಪ ಕಡಿಮೆ. ವಿಶ್ವಾಸಿಯ ಇಡೀ ಬದುಕೇ ಮಾನಸಾಂತರವಾಗಿರಬೇಕು ಎನ್ನುವುದು 1517ರ ಅವನ 95 ಪ್ರಮೇಯಗಳಲ್ಲಿ ಮೊದಲನೆಯದು. ಒಬ್ಬರ ಮುಂದೆ ಪಾಪ ಹೇಳುವುದನ್ನು ಅವನು ಬಿಡಲಿಲ್ಲ, ಕಡ್ಡಾಯ ಮಾತ್ರ ಬೇಡ ಎಂದ.

ಕ್ಯಾಥೊಲಿಕರು ಅದೇ ಶತಮಾನದಲ್ಲಿ ನಡುವೆ ಜಾಲರಿ ಇರುವ ಮರದ ಪೆಟ್ಟಿಗೆ ತಂದರು. ಪ್ರೊಟೆಸ್ಟೆಂಟರಲ್ಲಿ ‘ದೇವರಿಗೆ ನೇರವಾಗಿ ಹೇಳಿದರೆ ಸಾಕು’ ಎನ್ನುವುದೇ ನಿಧಾನವಾಗಿ ರೂಢಿಯಾಯಿತು. ಅದು ನಿಜವೂ ಹೌದು. ಆದರೆ ಅಡಗಿಕೊಳ್ಳಲು ಅದಕ್ಕಿಂತ ಸಲೀಸಾದ ಜಾಗವೂ ಇಲ್ಲ ಅನ್ನಿಸುತ್ತೆ. ‘ಒಬ್ಬರಿಗೊಬ್ಬರು ಅರಿಕೆಮಾಡಿ’ ಎಂಬ, ಬೈಬಲ್ಲಿನ ಯಾಕೋಬನ ಪತ್ರದ ಮಾತು ಪುಟದಲ್ಲೇ ಉಳಿಯಿತು.

ಅದನ್ನು ಮತ್ತೆ ಎತ್ತಿಕೊಂಡವರಲ್ಲಿ ಹಿಟ್ಲರ್ ಕಾಲದ ಜರ್ಮನ್ ಪಾದ್ರಿ ಡೀಟ್ರಿಕ್ ಬೊನ್‌ಹೋಫರ್ ಒಬ್ಬ. ಫಿಂಕನ್‌ವಾಲ್ಡೆ ಎಂಬಲ್ಲಿ ತನ್ನ ಬಳಿ ಪಾದ್ರಿಗಳಾಗಲು ಕಲಿಯುತ್ತಿದ್ದವರಿಗೆ, ಪ್ರಭುಭೋಜನಕ್ಕೆ ಮುಂಚೆ ಒಬ್ಬರ ಮುಂದೊಬ್ಬರು ಪಾಪ ಹೇಳಿಕೊಳ್ಳಬಹುದು ಎಂದ. ಲೂಥರನ್ ಹುಡುಗರಿಗೆ ಇದು ಹೊಸದು, ಮುಜುಗರ. ಒಂದು ದಿನ ಆತ ತನ್ನ ವಿದ್ಯಾರ್ಥಿಯೊಬ್ಬನನ್ನು ಕರೆದು, ‘ನನ್ನದನ್ನು ನೀನು ಕೇಳಿಸಿಕೊಳ್ತೀಯಾ?’ ಎಂದು ಕೇಳಿಕೊಂಡ. ಆ ಹುಡುಗನಿಗೆ ಇಂಥದ್ದು ಮಾಡಿ ಗೊತ್ತೇ ಇರಲಿಲ್ಲ.