ಜ್ವರ ತಲೆಗೇರುವುದಿಲ್ಲ

"ಡಾಕ್ಟ್ರ, ಜ್ವರಾ ತಲಿಗೇರೇತ್ರಿ."

ಹುಬ್ಬಳ್ಳಿಯಲ್ಲಿ ಇಷ್ಟು ವರ್ಷ ರೋಗಿಗಳನ್ನು ನೋಡುತ್ತ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದೇ ಇರಬೇಕು. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಸಾಕಾಗಿ ಬಿಟ್ಟೆ. ಈಗ ಮತ್ತೆ ತಿದ್ದಲು ಶುರು ಮಾಡಿದ್ದೇನೆ. ಮಾತು ತಪ್ಪಾದರೆ ಹಾಳಾಗಿ ಹೋಗಲಿ, ಆ ಮಾತಿನ ಬೆನ್ನು ಹತ್ತಿ ಮನೆಯವರು ಮಾಡುವ ಕೆಲಸ ಜೀವಕ್ಕೇ ಬರುತ್ತದೆ.

ಕಾವು ತಲೆಗೇರಿದೆ ಅಂದಮೇಲೆ ಇಳಿಸಿದರಾಯಿತಲ್ಲ? ಹಣೆಗೆ ತಣ್ಣೀರ ಬಟ್ಟೆ, ಅಂಗಾಲಿಗೆ ಉಳ್ಳಾಗಡ್ಡಿ ರಸ, ಆರು ತಾಸಿಗೊಂದು ಪ್ಯಾರಾಸಿಟಮಾಲ್. ಥರ್ಮಾಮೀಟರ್ 99ಕ್ಕೆ ಬಂದರೆ ಎಲ್ಲರೂ ಉಸಿರು ಬಿಡುತ್ತಾರೆ. ರೋಗಿ ನಿನ್ನೆ ಸಂಜೆಯಿಂದ ಒಂದು ಮಾತೂ ಆಡಿಲ್ಲ ಅನ್ನುವುದು ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಬ್ಯಾಡಗಿ ಕಡೆಯ ಒಬ್ಬ ಲಾರಿ ಡ್ರೈವರ್. ಮೆಣಸಿನಕಾಯಿ ಲೋಡು ಇಳಿಸಿ ಬರುವಾಗ ಛತ್ತೀಸಗಡದ ಜಗದಲಪುರದ ಹತ್ತಿರ ಗಾಡಿ ಕೆಟ್ಟು ನಾಲ್ಕು ರಾತ್ರಿ ಕ್ಯಾಬಿನ್ನಿನಲ್ಲೇ ಮಲಗಿದ್ದನಂತೆ. ಊರಿಗೆ ಬಂದ ವಾರದೊಳಗೆ ಚಳಿಜ್ವರ. ನಾಲ್ಕನೆಯ ದಿನ ನನ್ನ ಹತ್ತಿರ ತಂದಾಗ ಮೈ ಹೆಚ್ಚುಕಡಿಮೆ ತಣ್ಣಗೇ ಇತ್ತು. ಸಿದ್ಧಾರೂಢ ಮಠದ ಅಂಗಾರ ಹಣೆಯ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿದಿತ್ತು. ತಾಯಿ ನನ್ನನ್ನೇ ಸುಮ್ಮನಿರಿಸಿದಳು: "ಮುಂಜಾನೆ ಛಲೋ ಬೆವರ ಬಂತ್ರಿ, ಜ್ವರಾ ಬಿಟ್ಟೈತಿ. ಈಗ ನಿದ್ದಿ ಹತ್ತೇತಿ, ಎಬ್ಬಸಬ್ಯಾಡ್ರಿ."

ಎಬ್ಬಿಸಿದೆ. ಅಂದರೆ ಎಬ್ಬಿಸಲು ನೋಡಿದೆ. ಹೆಸರು ಹಿಡಿದು ಕೂಗಿದರೆ ಓ ಅನ್ನಲಿಲ್ಲ. ಹುಬ್ಬಿನ ಎಲುಬನ್ನು ಹೆಬ್ಬೆರಳಿನಿಂದ ಒತ್ತಿದೆ. ನಿದ್ದೆಯಲ್ಲಿರುವವನು ಕೈ ತಂದು ನನ್ನ ಬೆರಳನ್ನು ಕಿತ್ತೆಸೆಯಬೇಕು. ಆ ಕೈ ಹಾಸಿಗೆ ಬಿಟ್ಟು ಮೇಲೇಳಲಿಲ್ಲ. ಬೆರಳ ತುದಿಯ ರಕ್ತದಲ್ಲಿ ಸಕ್ಕರೆ 34. ತಾಯಿ ಸಂತೋಷಪಟ್ಟ ಬೆವರು ಜ್ವರ ಬಿಟ್ಟ ಬೆವರಲ್ಲ, ಸಕ್ಕರೆ ಕುಸಿದ ಬೆವರು. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಅರ್ಧ ತೆರೆದ, ನರಳಿದ, ಮತ್ತೆ ಅಲ್ಲಿಗೇ ನಿಂತ. ಅವನಿಗೆ ಆಗಿದ್ದು ಮಲೇರಿಯಾ, ಉಳಿದ ಕಾರಣ ಮೆದುಳಿನ ಸಣ್ಣ ರಕ್ತನಾಳಗಳಲ್ಲಿತ್ತು.

ಇದೊಂದನ್ನು ಸಾವಕಾಶವಾಗಿ ಹೇಳುತ್ತೇನೆ. ಫಾಲ್ಸಿಪಾರಂ ಜಾತಿಯ ಮಲೇರಿಯಾ ರೋಗಾಣು ಕೆಂಪು ರಕ್ತಕಣದೊಳಗೆ ಸುಮಾರು 48 ತಾಸು ಇದ್ದು ಬೆಳೆಯುತ್ತದೆ. ಒಳ್ಳೆಯ ರಕ್ತಕಣ ಬಿಸಿ ರೊಟ್ಟಿಯ ಹಾಗೆ, ಎಂಥ ಸಂದಿಯಲ್ಲೂ ಮಡಚಿಕೊಂಡು ನುಸುಳುತ್ತದೆ. ರೋಗಾಣು ಒಳಹೊಕ್ಕ ಕಣ ಕಟಕ ರೊಟ್ಟಿಯಾಗುತ್ತದೆ. ಸಾಲದ್ದಕ್ಕೆ ಅದರ ಮೈಮೇಲೆ ಸಣ್ಣ ಗುಬುಟುಗಳು ಏಳುತ್ತವೆ. ಹೊಲದ ಬದುವಿನಲ್ಲಿ ಓಡಾಡಿದರೆ ಉತ್ತರಾಣಿ ಬೀಜ ಧೋತರಕ್ಕೆ ಹತ್ತಿಕೊಳ್ಳುವುದಿಲ್ಲವೇ, ಹಾಗೆ ಇವು ರಕ್ತನಾಳದ ಒಳಗೋಡೆಗೆ ಹತ್ತಿಕೊಳ್ಳುತ್ತವೆ. ಒಂದು ಹತ್ತಿತು, ಹಿಂದೆ ಇನ್ನೊಂದು. ದುರ್ಗದ ಬೈಲಿನ ಓಣಿಯಲ್ಲಿ ಒಂದು ತಳ್ಳುಗಾಡಿ ಅಡ್ಡ ನಿಂತರೆ ಏನಾಗುತ್ತದೋ ಅದೇ. ಆ ನಾಳವನ್ನು ನಂಬಿಕೊಂಡ ಮೆದುಳಿನ ಭಾಗಕ್ಕೆ ಆಮ್ಲಜನಕವೂ ಸಕ್ಕರೆಯೂ ಸರಿಯಾಗಿ ಮುಟ್ಟುವುದಿಲ್ಲ.

ಇದರಲ್ಲಿ ಕಾವಿನ ಪಾತ್ರ ಎಲ್ಲಿದೆ? ಜ್ವರ 104 ಇದ್ದು ರೋಗಿ ಎಚ್ಚರವಾಗಿದ್ದು ಚಹಾ ಕೇಳಬಹುದು, 99 ಇದ್ದು ಕೋಮಾದಲ್ಲಿರಬಹುದು. ಪ್ಯಾರಾಸಿಟಮಾಲ್ ಥರ್ಮಾಮೀಟರಿನ ಅಂಕಿ ಇಳಿಸುತ್ತದೆ, ಗೋಡೆಗೆ ಹತ್ತಿದ ಒಂದು ಕಣವನ್ನೂ ಬಿಡಿಸುವುದಿಲ್ಲ.

ರಕ್ತಪರೀಕ್ಷೆಯ ಕಾಗದ ಹಿಡಿದು ಜಗಳಕ್ಕೆ ಬರುವವರಿಗೂ ಇಲ್ಲೇ ಉತ್ತರವಿದೆ. ಬೆಳೆದ ರೋಗಾಣುಗಳು ಹೀಗೆ ಒಳಗೆ ಅಂಟಿ ಕೂತಾಗ ಬೆರಳ ತುದಿಯ ಹನಿಯಲ್ಲಿ ಕಡಿಮೆ ಕಾಣಬಹುದು. ಅನುಮಾನ ಗಟ್ಟಿಯಿದ್ದರೆ 12 ತಾಸಿಗೋ 24 ತಾಸಿಗೋ ಮತ್ತೆ ನೋಡಬೇಕು. "ಎರಡ ಸಲಾ ರೊಕ್ಕಾ ತಗೊಂಡ್ರು" ಅಂತ ಬೈಯಬೇಡಿ.

ಇನ್ನೊಂದು ಬೇಡಿಕೆ, ಹೆಚ್ಚಾಗಿ ಓದಿದ ನೆಂಟರಿಂದ: ಮೆದುಳಿನ ಬಾವು ಇಳಿಸುವ ಸ್ಟೀರಾಯ್ಡ್ ಕೊಡಿ. ಕೊಡುವುದಿಲ್ಲ. 1982ರಲ್ಲೇ ಥಾಯ್ಲೆಂಡಿನ ಅಧ್ಯಯನ ಅದನ್ನು ಪರೀಕ್ಷಿಸಿ ನೋಡಿತು. ಸ್ಟೀರಾಯ್ಡ್ ಪಡೆದವರ ಕೋಮಾ ಇನ್ನಷ್ಟು ಉದ್ದವಾಯಿತು. ಕೆಲಸ ಮಾಡುವುದು ಆರ್ಟಿಸುನೇಟ್ ಇಂಜೆಕ್ಷನ್: ಬಂದ ಕೂಡಲೇ, 12 ತಾಸಿಗೆ, 24 ತಾಸಿಗೆ, ಆಮೇಲೆ ದಿನಕ್ಕೊಂದು, ಬಾಯಿಂದ ನುಂಗುವಂತಾದ ಮೇಲೆ ಪೂರ್ತಿ ಕೋರ್ಸ್ ಮಾತ್ರೆ. ಭಾರತವೂ ಸೇರಿ ಏಷ್ಯಾದ ನಾಲ್ಕು ದೇಶಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀವ್ರ ಮಲೇರಿಯಾಕ್ಕೆ ಕ್ವಿನೈನ್ ಪಡೆದವರಲ್ಲಿ 100ಕ್ಕೆ 22 ಮಂದಿ ತೀರಿಕೊಂಡರೆ ಆರ್ಟಿಸುನೇಟ್ ಪಡೆದವರಲ್ಲಿ 15. ಆ 15 ಕೂಡ ಸಣ್ಣ ಸಂಖ್ಯೆಯಲ್ಲ. ಅದಕ್ಕೇ "ಉಳೀತಾನೇನ್ರಿ" ಅಂದರೆ ನಾನು ಮೊದಲ ದಿನ ಉತ್ತರ ಕೊಡುವುದಿಲ್ಲ.

ಹಾಗಂತ ಜ್ವರದಲ್ಲಿ ಮಲಗಿದವರನ್ನೆಲ್ಲ ಆಂಬುಲೆನ್ಸಿಗೆ ಹಾಕಬೇಡಿ. ಕರೆದಾಗ ಎದ್ದು ಊರು, ವಾರ ಸರಿಯಾಗಿ ಹೇಳಿದರೆ ಅದು ನಿದ್ದೆ. ಏಳದಿದ್ದರೆ, ತೊದಲಿದರೆ, ಮನೆಯವರ ಗುರುತು ತಪ್ಪಿದರೆ, ಫಿಟ್ಸ್ ಬಂದರೆ ಹೊರಡಿ. ಮಕ್ಕಳಿಗೆ ಬರಿಯ ಜ್ವರಕ್ಕೂ ಫಿಟ್ಸ್ ಬರುತ್ತದೆ ನಿಜ, ಆದರೆ ಆಮೇಲೆ ಮಗು ಎಚ್ಚರಗೊಳ್ಳಬೇಕು. ಮಲೇರಿಯಾ ಅಲ್ಲದೆ ಮೆದುಳುಜ್ವರವೂ ಇರಬಹುದು, ಬಿಸಿಲ ಹೊಡೆತವೂ ಇರಬಹುದು (ಕಾವೇ ಮೆದುಳನ್ನು ಕೆಡಿಸುವುದು ಅದರಲ್ಲಿ, ಅದು ಬೇರೆ ಕಥೆ). ಬೇರ್ಪಡಿಸುವುದು ನಮ್ಮ ಕೆಲಸ. ಗುಳೆ ಹೋಗಿದ್ದರೆ ಎಲ್ಲಿಗೆ, ಯಾವಾಗ ಬಂದಿರಿ ಅಷ್ಟು ಹೇಳಿ. ಮತ್ತು ದಯವಿಟ್ಟು, ಎಚ್ಚರವಿಲ್ಲದವನ ಬಾಯಿಗೆ ಅಂಬಲಿ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಡ್ರೈವರ್ ಮೂರನೆಯ ದಿನ ಕಣ್ಣು ಬಿಟ್ಟು ಮೊದಲು ಕೇಳಿದ್ದು ಗಾಡಿಯ ಕೀಲಿಕೈ.

ಥರ್ಮಾಮೀಟರ್ ಇನ್ನೊಂದು ರೀತಿಯಲ್ಲೂ ಮೋಸ ಮಾಡುತ್ತದೆ. ಗದಗ ಕಡೆಯ ಒಬ್ಬ ಗೌಂಡಿ, ಗೋವಾದಲ್ಲಿ ಕೆಲಸ ಮಾಡಿ ಬಂದವನು. ಫಾಲ್ಸಿಪಾರಂ ಆಗಿ, ಔಷಧಿ ಮುಗಿದು, ಜ್ವರ ಪೂರ್ತಿ ಬಿಟ್ಟು ಎರಡು ವಾರದ ಮೇಲೆ ತೂರಾಡಲು ಶುರುವಾದ. ಮಾತೂ ಸ್ವಲ್ಪ ಎಳೆದಂತೆ. ಊರಲ್ಲಿ ಮುಂಜಾನೆಯೇ ಕುಡಿಯುತ್ತಾನೆ ಅಂದರು, ಹೆಂಡತಿ ತವರಿಗೆ ಹೊರಟು ನಿಂತಿದ್ದಳು. ಪಾಪ, ಒಂದು ಹನಿ ಮುಟ್ಟಿರಲಿಲ್ಲ. ಫಾಲ್ಸಿಪಾರಂ ಆದ ಕೆಲವರಲ್ಲಿ ನಂತರ ಸಮತೋಲ ಕಾಯುವ ಹಿಮ್ಮೆದುಳು ಹೀಗೆ ತಾತ್ಕಾಲಿಕವಾಗಿ ಸೊರಗುತ್ತದೆ. ಶ್ರೀಲಂಕಾದ ವೈದ್ಯರು 1980ರ ದಶಕದಲ್ಲೇ ಇದನ್ನು ಚೆನ್ನಾಗಿ ದಾಖಲಿಸಿದ್ದಾರೆ. ಬೇರೆ ಕಾರಣಗಳಿಲ್ಲ ಎಂದು ನೋಡಿಕೊಂಡೆವು, ರಕ್ತದಲ್ಲಿ ರೋಗಾಣು ಇರಲಿಲ್ಲ, ಮತ್ತೆ ಮಲೇರಿಯಾ ಔಷಧಿ ಕೊಡಲಿಲ್ಲ. ಏಣಿ ಹತ್ತಬೇಡ, ಸ್ವಲ್ಪ ದಿನ ಕಾದು ನೋಡು ಅಂದೆ. ಹೆಂಡತಿಯನ್ನು ಕೂರಿಸಿಕೊಂಡು ಅರ್ಧ ತಾಸು ಹೇಳಿದೆ.

ಮೂರನೆಯ ತಿಂಗಳಿಗೆ ಇಬ್ಬರೂ ಬಂದರು. ನೆಲದ ಟೈಲ್ಸಿನ ಗೆರೆಯ ಮೇಲೆ ಹಿಮ್ಮಡಿಗೆ ತುದಿಗಾಲು ತಾಗಿಸಿ ನಡೆದು ತೋರಿಸು ಅಂದೆ. ಗೋಡೆಯತನಕ ನೆಟ್ಟಗೆ ನಡೆದ, ಅಲ್ಲೇ ನಿಂತು ಒಂದು ಕಣ್ಣು ಮುಚ್ಚಿ ಮೇಲಿಂದ ಕೆಳಗೆ ನೋಡಿದ.

"ನಿಮ್ಮ ಗ್ವಾಡಿ ಸೊಟ್ಟ ಐತ್ರಿ ಡಾಕ್ಟ್ರ. ಯಾರ್ ಕಟ್ಟ್ಯಾರು?"