ಕಡಲಿಗೆ ಬಿಟ್ಟ ವಿಷ ಎಲ್ಲಿಗೆ ಹೋಗುತ್ತದೆ?

‘ಅಷ್ಟು ದೊಡ್ಡ ಕಡಲಿಗೆ ಇಷ್ಟು ಚೂರು ವಿಷ ಸೇರಿದರೆ ಏನಾದೀತು?’ ಓದಿದವರೂ ಸಲೀಸಾಗಿ ಆಡುವ ಮಾತಿದು. ನನ್ನ ಮಟ್ಟಿಗೆ ಇದು ಮೂಢನಂಬಿಕೆಯೇ. ಈ ನಂಬಿಕೆಗೆ ಬೆಲೆ ತೆರುವವರು ಮಾತ್ರ ಅದನ್ನು ನಂಬಿದವರಲ್ಲ, ಆ ನೀರಿನ ಮೀನು ತಿಂದು ಬದುಕುವವರು.

ಜಪಾನಿನ ಮಿನಮಾಟದಲ್ಲಿ ಚಿಸ್ಸೋ ಕಂಪನಿಯ ಕಾರ್ಖಾನೆ 1932ರಿಂದ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ತಯಾರಿಸುತ್ತಿತ್ತು. ಆ ಕ್ರಿಯೆಗೆ ಪಾದರಸ ವೇಗವರ್ಧಕ. ತ್ಯಾಜ್ಯ ನೀರೆಲ್ಲ ಕೊಲ್ಲಿಗೆ. ಮೊದಲು ಮೀನು ತಿಂದ ಬೆಕ್ಕುಗಳು ಹುಚ್ಚೆದ್ದಂತೆ ಕುಣಿದು ಸತ್ತವು. 1956ರಲ್ಲಿ ಬೆಸ್ತರ ಕೇರಿಯ ಮಕ್ಕಳು ನಡೆಯಲಾರದೆ, ಮಾತು ತೊದಲಿ ಆಸ್ಪತ್ರೆ ಸೇರಿದರು. ಅಂಟುರೋಗವೆಂದು ಹೆದರಿದ ಜನ ಅವರ ಮನೆಗಳಿಗೆ ಔಷಧಿ ಹೊಡೆಸಿದರು, ಹತ್ತಿರ ಸುಳಿಯದಾದರು. 1958ರಲ್ಲಿ ಕಂಪನಿ ತ್ಯಾಜ್ಯವನ್ನು ಕೊಲ್ಲಿಯ ಬದಲು ನದಿಯ ಅಳಿವೆಗೆ ಬಿಡತೊಡಗಿತು. ಅಲ್ಲಿ ಹರಿವು ಹೆಚ್ಚು, ವಿಷ ತೆಳುವಾಗಬೇಕಿತ್ತು. ಆಗಿದ್ದೇ ಬೇರೆ: ಅಳಿವೆಯ ಸುತ್ತಲಿನ ಹಳ್ಳಿಗಳಲ್ಲೂ ರೋಗ ಕಾಣಿಸಿಕೊಂಡಿತು. ಮರುವರ್ಷ ಕಾರ್ಖಾನೆಯದೇ ವೈದ್ಯ ಹೊಸೊಕಾವಾ ಹಾಜಿಮೆ ತ್ಯಾಜ್ಯ ಬೆರೆಸಿದ ಆಹಾರವನ್ನು ಬೆಕ್ಕಿಗೆ ತಿನ್ನಿಸಿದರು. ಅದಕ್ಕೂ ಅದೇ ಲಕ್ಷಣ ಬಂತು. ಕಂಪನಿ ಆ ಫಲಿತಾಂಶವನ್ನು ಮುಚ್ಚಿಟ್ಟಿತು. ಪಾದರಸ ಬಳಸುವ ಆ ತಯಾರಿಕೆ ನಿಂತದ್ದು 1968ರಲ್ಲಿ.

ನೀರಿನಲ್ಲಿ ತೆಳುವಾದದ್ದು ಮೀನಿನಲ್ಲಿ ದಟ್ಟವಾಗಿದ್ದು ಹೇಗೆ? ಆ ತ್ಯಾಜ್ಯದಲ್ಲಿದ್ದದ್ದು ಮೀಥೈಲ್ ಪಾದರಸ. ಬೇರೆಡೆ ಕೆರೆ, ಕಡಲಿನ ತಳದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳೇ ಸಾದಾ ಪಾದರಸವನ್ನು ಈ ರೂಪಕ್ಕೆ ತಿರುಗಿಸುತ್ತವೆ. ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳು ಅದನ್ನು ಹೀರುತ್ತವೆ, ಅವನ್ನು ಸಣ್ಣ ಮೀನು, ಸಣ್ಣದನ್ನು ದೊಡ್ಡದು ತಿನ್ನುತ್ತದೆ. ತಿಂದ ಆಹಾರ ಕರಗಿ ಶಕ್ತಿಯಾಗಿ ಹೋಗುತ್ತದೆ. ಪಾದರಸ ಹೋಗುವುದು ಬಹಳ ನಿಧಾನ. ಮನುಷ್ಯರ ಮೈಯಲ್ಲಿ ಅದರ ಅರ್ಧ ಪಾಲು ಇಳಿಯಲು ಸುಮಾರು 50 ದಿನ ಬೇಕು, ಅಷ್ಟರಲ್ಲಿ ಮುಂದಿನ ಊಟಗಳು ಸೇರಿರುತ್ತವೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ದೊಡ್ಡ ಮೀನಿನಲ್ಲಿ ಅದು ಸುತ್ತಲಿನ ನೀರಿಗಿಂತ ಹತ್ತು ಲಕ್ಷ ಪಟ್ಟು ದಟ್ಟವಾಗಬಲ್ಲದು.

ನನ್ನನ್ನು ಬೆರಗುಗೊಳಿಸುವುದು ಇದರ ಮುಂದಿನ ಹೆಜ್ಜೆ. ಮಿದುಳಿನ ರಕ್ತನಾಳಗಳ ಗೋಡೆ ಸಿಕ್ಕಿದ್ದನ್ನೆಲ್ಲ ಒಳಗೆ ಬಿಡುವುದಿಲ್ಲ. ಆದರೆ ಪಾದರಸಕ್ಕೆ ಗಂಧಕವೆಂದರೆ ಬಲು ಸೆಳೆತ. ಗಂಧಕವಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಮೀಥೈಲ್ ಪಾದರಸ ಅಂಟಿಕೊಂಡರೆ, ಆ ಜೋಡಿ ಮೆಥಿಯೊನೈನ್ ಎಂಬ ಮತ್ತೊಂದು ಅಮೈನೋ ಆಮ್ಲವನ್ನು ಹೋಲುತ್ತದೆ. ಮಿದುಳಿಗೆ ಮೆಥಿಯೊನೈನ್ ಬೇಕೇ ಬೇಕು, ಅದನ್ನು ಸಾಗಿಸುವ ಪ್ರೋಟೀನುಗಳು ಗೋಡೆಯಲ್ಲೇ ಇವೆ. ಮನೆಯವರ ಬಟ್ಟೆ ತೊಟ್ಟ ಕಳ್ಳನಿಗೆ ಕಾವಲುಗಾರನೇ ಬಾಗಿಲು ತೆರೆದಂತೆ, ಅವೇ ವಿಷವನ್ನು ಒಳಗೆ ಕರೆದುಕೊಳ್ಳುತ್ತವೆ.

ಗರ್ಭದ ಮಗುವಿಗೆ ತಾಯಿಯಿಂದ ಆಹಾರ ದಾಟಿಸುವ ಮಾಸಿನಲ್ಲೂ ನಡೆಯುವುದು ಇದೇ. ಮಾಸು ವಿಷವನ್ನು ತಡೆದು ಮಗುವನ್ನು ಕಾಯುತ್ತದೆಂದು ವೈದ್ಯರು ನಂಬಿದ್ದ ಕಾಲವದು. ಮಿನಮಾಟದಲ್ಲಿ ತಾಯಂದಿರು ಹೆಚ್ಚುಕಡಿಮೆ ಆರೋಗ್ಯವಾಗಿದ್ದು, ಮೀನನ್ನು ಬಾಯಿಗೇ ಇಡದ ಹಸುಗೂಸುಗಳು ಮಿದುಳಿಗೆ ತೀವ್ರ ಪೆಟ್ಟು ಬಿದ್ದೇ ಹುಟ್ಟುತ್ತಿದ್ದವು. ಹರಾಡ ಮಸಝುಮಿ ಎಂಬ ವೈದ್ಯರು ಆ ತಾಯಂದಿರ ಮಾತಿಗೆ ಕಿವಿಗೊಟ್ಟರು. ಮಗುವಿನ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿ ಜೋಪಾನ ಮಾಡುವ ರೂಢಿ ಜಪಾನಿನಲ್ಲಿದೆ. ವರ್ಷಗಳ ಬಳಿಕ ಆ ತುಂಡುಗಳನ್ನು ಪರೀಕ್ಷಿಸಿದಾಗ, ಗರ್ಭದಲ್ಲೇ ತಲುಪಿದ್ದ ಪಾದರಸದ ದಾಖಲೆ ಅವುಗಳಲ್ಲಿ ಸಿಕ್ಕಿತು.

ಇಷ್ಟು ತಿಳಿದ ಮೇಲೂ ಅನ್ಯಾಯ ಲೆಕ್ಕದ ಪುಸ್ತಕದೊಳಗೆ ಅಡಗಿ ಕೂರುತ್ತದೆ. ನೀರಿನಲ್ಲಿ ಎಷ್ಟು ವಿಷ ಇರಬಹುದೆಂದು ನಿಗದಿ ಮಾಡುವಾಗ, ಒಬ್ಬರು ದಿನಕ್ಕೆ ಎಷ್ಟು ಮೀನು ತಿನ್ನುತ್ತಾರೆಂದು ಮೊದಲು ಊಹಿಸಬೇಕು. ಅಮೆರಿಕದ ಪರಿಸರ ಸಂಸ್ಥೆ 1980ರಲ್ಲಿ ಹಿಡಿದ ಸರಾಸರಿ 6.5 ಗ್ರಾಂ, ಒಂದು ತುತ್ತೂ ಅಲ್ಲ. 1994ರಲ್ಲಿ ಅದೇ ದೇಶದ ಕೊಲಂಬಿಯಾ ನದಿಯ ಮೂಲನಿವಾಸಿ ಬುಡಕಟ್ಟುಗಳು ತಮ್ಮವರ ನಡುವೆ ಸಮೀಕ್ಷೆ ನಡೆಸಿದಾಗ ವಯಸ್ಕರ ಸರಾಸರಿ 58.7 ಗ್ರಾಂ ಎಂದು ಗೊತ್ತಾಯಿತು. ಅಂದರೆ, ಎಲ್ಲರಿಗೂ ಸುರಕ್ಷಿತವೆಂದು ಬರೆದಿಟ್ಟ ಮಿತಿಯಲ್ಲಿ ಇವರ ಪಾಲಿನ ವಿಷ ಒಂಬತ್ತು ಪಟ್ಟು. ಬುಡಕಟ್ಟುಗಳು ಈ ಅಂಕಿಯನ್ನೇ ಹಿಡಿದು ವರ್ಷಗಟ್ಟಲೆ ಪಟ್ಟು ಬಿಡದೆ ವಾದಿಸಿದವು. 2011ರಲ್ಲಿ ಆ ನದಿ ಹರಿಯುವ ಆರೆಗಾನ್ ರಾಜ್ಯ ತನ್ನ ಲೆಕ್ಕವನ್ನು ದಿನಕ್ಕೆ 175 ಗ್ರಾಮಿಗೆ ಏರಿಸಿತು. ನದಿಗೆ ಬಿಡಬಹುದಾದ ವಿಷದ ಮಿತಿಯೂ ಅದಕ್ಕೆ ತಕ್ಕಂತೆ ಇಳಿಯಿತು.