ಮೇಜರ್ ಬದಲಿಸಿದರೆ ಓದಿದ್ದೆಲ್ಲ ದಂಡವಾ?

ಪ್ರಶ್ನೆ: ಮಗ ಅಮೆರಿಕದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದ್ತಿದಾನೆ. ಮೂರು ಸೆಮಿಸ್ಟರ್ ಮುಗಿದಿದೆ. ಈಗ ಇದು ಬೇಡ, ಎಕನಾಮಿಕ್ಸ್‌ಗೆ ಹೋಗ್ತೀನಿ ಅಂತ ಹಟ ಹಿಡಿದಿದಾನೆ. ಇಷ್ಟು ದಿನ ಓದಿದ್ದು ಹೊಳೇಲಿ ಹುಣಸೇಹಣ್ಣು ಕಿವುಚಿದ ಹಾಗಾಗಲ್ವಾ? ಒಂದೂವರೆ ವರ್ಷ ಪೂರ್ತಿ ಹೋಯ್ತು ಅಂತಲೇ ಲೆಕ್ಕನಾ?

ಉತ್ತರ: ಇಲ್ಲ. ಒಂದೂವರೆ ವರ್ಷ ಹೋಗುವುದಿಲ್ಲ. ನೀವು ಹೇಳಿದ ಬದಲಾವಣೆಯಲ್ಲಿ ಒಂದು ಸೆಮಿಸ್ಟರ್ ಕೂಡ ಹೋಗದೇ ಇರುವ ಸಾಧ್ಯತೆಯೇ ಹೆಚ್ಚು.

ಇದೇ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ಮೇಜರ್‌ಗಳ, ಅಂದರೆ ಪದವಿಯ ಮುಖ್ಯ ವಿಷಯಗಳ, ಹೆಸರು ಬೇರೆ ಇರುತ್ತದೆ, ಆತಂಕ ಮಾತ್ರ ಅದೇ. ಆದ್ದರಿಂದ ಈ ಸಲ ಬರೀ ಉತ್ತರ ಹೇಳಿ ಬಿಡುವುದಿಲ್ಲ, ಲೆಕ್ಕವನ್ನೇ ಬಿಡಿಸಿ ತೋರಿಸುತ್ತೇನೆ. ಒಮ್ಮೆ ಲೆಕ್ಕ ಮನಸ್ಸಿಗೆ ಹತ್ತಿದರೆ ಮುಂದಿನ ಸಲ ನೀವೇ ಪಕ್ಕದ ಮನೆಯವರಿಗೆ ಹೇಳಬಹುದು.

ಈ ಭಯ ಹುಟ್ಟಿದ್ದು ಎಲ್ಲಿ ಅಂತ ನನಗೆ ಗೊತ್ತು. ನಮ್ಮಲ್ಲಿ ಮೆಕ್ಯಾನಿಕಲ್ ಸೀಟು ಬಿಟ್ಟು ಬಿಎ ಎಕನಾಮಿಕ್ಸ್ ಸೇರಿದರೆ ಮತ್ತೆ ಮೊದಲ ವರ್ಷದ ಮೊದಲ ಬೆಂಚಿನಲ್ಲೇ ಕೂರಬೇಕಾಗುತ್ತಿತ್ತು. ನಾವು ಸೇರುತ್ತಿದ್ದುದು ಒಂದು ಕೋರ್ಸಿಗೆ, ಆ ಕೋರ್ಸಿನ ಪಠ್ಯಕ್ರಮ ಮೊದಲ ದಿನದಿಂದಲೇ ಬೇರೆ. ಅಮೆರಿಕದ ಪದವಿಯ ಕಟ್ಟಡವೇ ಹಾಗಿಲ್ಲ. ಅಲ್ಲಿ ವಿದ್ಯಾರ್ಥಿ ಕೂಡಿಸುತ್ತಾ ಹೋಗುವುದು ಕ್ರೆಡಿಟ್‌ಗಳನ್ನು, ಅಂದರೆ ಒಂದೊಂದು ಕೋರ್ಸು (ಅಲ್ಲಿ ಕೋರ್ಸು ಅಂದರೆ ಒಂದು ಸೆಮಿಸ್ಟರ್‌ನ ಒಂದು ವಿಷಯ) ಮುಗಿಸಿದಾಗ ಸಿಗುವ ಎಣಿಕೆಯನ್ನು. ಸೆಮಿಸ್ಟರ್ ಪದ್ಧತಿಯ ವಿಶ್ವವಿದ್ಯಾಲಯಗಳಲ್ಲಿ ಬ್ಯಾಚುಲರ್ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು, ಎಂಜಿನಿಯರಿಂಗ್‌ಗೆ ಕೆಲವು ಕಡೆ ಇನ್ನೂ ಸ್ವಲ್ಪ ಜಾಸ್ತಿ. ಈ 120ರಲ್ಲಿ ಮೇಜರ್‌ನದು ಒಂದು ಪಾಲು ಅಷ್ಟೇ. ಇನ್ನೊಂದು ಪಾಲು ಎಲ್ಲರೂ ಓದಲೇಬೇಕಾದ ಸಾಮಾನ್ಯ ವಿಷಯಗಳದ್ದು: ಬರವಣಿಗೆ, ಗಣಿತ, ಪ್ರಯೋಗಾಲಯವಿರುವ ವಿಜ್ಞಾನ, ಇತಿಹಾಸ, ಸಮಾಜಶಾಸ್ತ್ರಗಳು. ಉಳಿದದ್ದು ವಿದ್ಯಾರ್ಥಿ ತಾನೇ ಆರಿಸಿಕೊಳ್ಳುವ ಇಲೆಕ್ಟಿವ್‌ಗಳು. ಮೇಜರ್ ಬದಲಿಸಿದಾಗ ಕ್ರೆಡಿಟ್ ಅಳಿಸಿಹೋಗುವುದಿಲ್ಲ, ಒಂದು ಪಾಲಿನಿಂದ ಇನ್ನೊಂದು ಪಾಲಿಗೆ ಜರುಗುತ್ತದೆ.

ನಿಮ್ಮ ಮಗನ ಮೂರು ಸೆಮಿಸ್ಟರ್ ಹೇಗಿದ್ದೀತು ಅಂತ ಒಂದು ಅಂದಾಜು ಹಾಕೋಣ. ಕ್ಯಾಲ್ಕುಲಸ್ ಒಂದು, ಎರಡು, ಮೂರು, ತಲಾ 4ರಂತೆ 12 ಕ್ರೆಡಿಟ್. ಲ್ಯಾಬ್ ಸೇರಿ ಭೌತಶಾಸ್ತ್ರ ಎರಡು ಕೋರ್ಸ್, 8. ರಸಾಯನಶಾಸ್ತ್ರ 4. ಇಂಗ್ಲಿಷ್ ಬರವಣಿಗೆ ಎರಡು ಕೋರ್ಸ್, 6. ಪ್ರೋಗ್ರಾಮಿಂಗ್ 3, ಎಂಜಿನಿಯರಿಂಗ್ ಡ್ರಾಯಿಂಗ್ 3, ಸ್ಟ್ಯಾಟಿಕ್ಸ್ (ನಿಶ್ಚಲ ವಸ್ತುಗಳ ಮೇಲಿನ ಬಲಗಳ ಲೆಕ್ಕ) 3, ಇತಿಹಾಸ 3, ಮನಶ್ಶಾಸ್ತ್ರ 3. ಒಟ್ಟು 45.

ಈಗ ಇದೇ 45ನ್ನು ಎಕನಾಮಿಕ್ಸ್ ಕಣ್ಣಿನಿಂದ ನೋಡಿ. ಎಕನಾಮಿಕ್ಸ್‌ಗೆ ಕ್ಯಾಲ್ಕುಲಸ್ ಹೇಗೂ ಬೇಕು, ಇವನು ಬೇಕಾದದ್ದಕ್ಕಿಂತ ಹೆಚ್ಚೇ ಮುಗಿಸಿದ್ದಾನೆ. ಭೌತಶಾಸ್ತ್ರ, ರಸಾಯನಶಾಸ್ತ್ರಗಳು ಸಾಮಾನ್ಯ ವಿಷಯಗಳ ವಿಜ್ಞಾನದ ಜಾಗಕ್ಕೆ ಹೋಗುತ್ತವೆ. ಬರವಣಿಗೆ, ಇತಿಹಾಸ, ಮನಶ್ಶಾಸ್ತ್ರ ಇದ್ದಲ್ಲೇ ಇರುತ್ತವೆ. ಪ್ರೋಗ್ರಾಮಿಂಗ್, ಡ್ರಾಯಿಂಗ್, ಸ್ಟ್ಯಾಟಿಕ್ಸ್ ಮತ್ತು ಹೆಚ್ಚಾದ ಗಣಿತ, ವಿಜ್ಞಾನ ಇಲೆಕ್ಟಿವ್ ಆಗುತ್ತವೆ. ಎಸೆಯುವುದು ಏನಿದೆ? ಏನೂ ಇಲ್ಲ. ಬಾಕಿ 75 ಕ್ರೆಡಿಟ್, ಅಂದರೆ 15ರಂತೆ ಐದು ಸೆಮಿಸ್ಟರ್. ಮೆಕ್ಯಾನಿಕಲ್‌ನಲ್ಲೇ ಉಳಿದಿದ್ದರೂ ಇನ್ನು ಐದು ಸೆಮಿಸ್ಟರ್ ಇರುತ್ತಿತ್ತು. ಬೇಸರ ಹಿಡಿದು ಓದಿದ ಆ ಭೌತಶಾಸ್ತ್ರ ದಂಡವಾಗಲಿಲ್ಲ, ಆ ಪ್ರೋಗ್ರಾಮಿಂಗ್ ಅಂತೂ ಅಂಕಿಅಂಶಗಳಿಂದ ಅರ್ಥವ್ಯವಸ್ಥೆಯನ್ನು ಅಳೆಯುವ ಇಕನಾಮೆಟ್ರಿಕ್ಸ್ ತರಗತಿಯಲ್ಲಿ ಅವನನ್ನು ಕೈಹಿಡಿದು ನಡೆಸುತ್ತದೆ.

"ಹಾಗಾದರೆ ನಮ್ಮ ಪರಿಚಯದವರ ಮಗಳಿಗೆ ಒಂದು ವರ್ಷ ಜಾಸ್ತಿ ಆಯಿತಲ್ಲ?" ಅಂತ ತಕ್ಷಣ ಇನ್ನೊಂದು ಪ್ರಶ್ನೆ ಬರುತ್ತದೆ. ಆಗಿರಬಹುದು. ಅದಕ್ಕೆ ಕಾರಣ ಮಾತ್ರ ನೀವು ಅಂದುಕೊಂಡದ್ದಲ್ಲ. ಇಲ್ಲಿ ದಯವಿಟ್ಟು ಸ್ವಲ್ಪ ನಿಧಾನಿಸಿ ಓದಿ, ಈ ಇಡೀ ಉತ್ತರದಲ್ಲಿ ನಾನು ಹೇಳಬೇಕಾದದ್ದು ಇದೊಂದೇ.

ಅದೇ ದಾರಿಯನ್ನು ತಿರುಗಿಸಿ ನೋಡಿ. ಎಕನಾಮಿಕ್ಸ್‌ನಲ್ಲಿ ಮೂರು ಸೆಮಿಸ್ಟರ್ ಮುಗಿಸಿದ ಹುಡುಗಿ ಮೆಕ್ಯಾನಿಕಲ್‌ಗೆ ಹೋಗಬೇಕು ಅಂತಿದ್ದಾಳೆ. ಅವಳ ಹತ್ತಿರವೂ 45 ಕ್ರೆಡಿಟ್ ಇವೆ, ಅವೂ ಎಲ್ಲಿಗೂ ಹೋಗುವುದಿಲ್ಲ. ಆದರೆ ಅವಳು ಓದಿರುವುದು ಕ್ಯಾಲ್ಕುಲಸ್ ಒಂದೇ ಒಂದು ಕೋರ್ಸ್, ಭೌತಶಾಸ್ತ್ರ ಇಲ್ಲವೇ ಇಲ್ಲ. ಭೌತಶಾಸ್ತ್ರ ಒಂದು ಮುಗಿಯದೆ ಸ್ಟ್ಯಾಟಿಕ್ಸ್ ತೆಗೆದುಕೊಳ್ಳುವಂತಿಲ್ಲ. ಸ್ಟ್ಯಾಟಿಕ್ಸ್ ಆಗದೆ ಡೈನಮಿಕ್ಸ್ ಇಲ್ಲ, ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್ ಇಲ್ಲ. ಅದು ಆಗದೆ ಮಷಿನ್ ಡಿಸೈನ್ ಇಲ್ಲ. ಅಷ್ಟೂ ಆದಮೇಲೆ ಕೊನೆಯ ವರ್ಷದ ಪ್ರಾಜೆಕ್ಟು, ಅದು ಎಷ್ಟೋ ಕಡೆ ಎರಡು ಸೆಮಿಸ್ಟರ್ ನಡೆಯುತ್ತದೆ. ಒಂದು ಸೆಮಿಸ್ಟರ್‌ನಲ್ಲಿ ಇದರ ಒಂದು ಮೆಟ್ಟಿಲು ಮಾತ್ರ ಹತ್ತಲು ಸಾಧ್ಯ, ಎಷ್ಟೇ ಜಾಣೆಯಾದರೂ. ನಾಲ್ಕನೇ ಸೆಮಿಸ್ಟರ್‌ನಲ್ಲಿ ಕೆಳಗಿನ ಮೆಟ್ಟಿಲಿನಿಂದ ಹೊರಟರೆ ಎಂಟಕ್ಕೆ ಮುಗಿಯುವುದು ಕಷ್ಟ, ಹತ್ತು ಬೇಕಾದೀತು. ಇದರ ಮೇಲೆ, ಎಂಜಿನಿಯರಿಂಗ್ ಪದವಿಗಳಿಗೆ ಮಾನ್ಯತೆ ಕೊಡುವ ಎಬೆಟ್ ಸಂಸ್ಥೆ ಕನಿಷ್ಠ 30 ಕ್ರೆಡಿಟ್ ಗಣಿತ ಮತ್ತು ಮೂಲವಿಜ್ಞಾನ, 45 ಕ್ರೆಡಿಟ್ ಎಂಜಿನಿಯರಿಂಗ್ ವಿಷಯ ಇರಲೇಬೇಕು ಅನ್ನುತ್ತದೆ. ಹಾಗಾಗಿ ಆ ಪದವಿಯಲ್ಲಿ ಇಲೆಕ್ಟಿವ್‌ಗೆ ಜಾಗವೇ ಕಡಿಮೆ, ಅವಳ ಎಕನಾಮಿಕ್ಸ್ ಕೋರ್ಸುಗಳಿಗೆ ಕೂರಲು ಸ್ಥಳ ಸಿಗುವುದಿಲ್ಲ.

ಕ್ರೆಡಿಟ್ ಎರಡೂ ಮಕ್ಕಳಿಗೆ 45. ಒಬ್ಬನಿಗೆ ಐದು ಸೆಮಿಸ್ಟರ್ ಬಾಕಿ, ಇನ್ನೊಬ್ಬಳಿಗೆ ಏಳು. ವ್ಯತ್ಯಾಸ ಬಂದದ್ದು ಓದಿ ಮುಗಿಸಿದ್ದರಿಂದ ಅಲ್ಲ, ಇನ್ನು ಓದಬೇಕಾದ ಸರಪಳಿಯ ಉದ್ದದಿಂದ. ಎಕನಾಮಿಕ್ಸ್‌ನ ಸರಪಳಿ ಗಿಡ್ಡ: ಮೊದಲು ಪ್ರಾರಂಭಿಕ ಮೈಕ್ರೊ ಎಕನಾಮಿಕ್ಸ್, ಮ್ಯಾಕ್ರೊ ಎಕನಾಮಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಆಮೇಲೆ ಅವುಗಳ ಮುಂದಿನ ಹಂತ, ಆಮೇಲೆ ಇಕನಾಮೆಟ್ರಿಕ್ಸ್ ಮತ್ತು ಮೇಲಿನ ತರಗತಿಗಳು. ನಾಲ್ಕು ಸೆಮಿಸ್ಟರ್‌ನಲ್ಲಿ ಆರಾಮಾಗಿ ಮುಗಿಯುತ್ತದೆ. ಆದ್ದರಿಂದ "ಎಷ್ಟು ಕ್ರೆಡಿಟ್ ಹೋಗುತ್ತದೆ?" ಅಂತ ಕೇಳುವುದನ್ನು ಬಿಡಿ. "ಹೊಸ ಮೇಜರ್‌ನಲ್ಲಿ ಒಂದರ ಹಿಂದೆ ಒಂದು ಓದಲೇಬೇಕಾದ ಕೋರ್ಸುಗಳು ಎಷ್ಟಿವೆ, ಅದರಲ್ಲಿ ನಾನು ಎಷ್ಟನೆಯದರಲ್ಲಿ ನಿಂತಿದ್ದೇನೆ?" ಅಂತ ಕೇಳಿ. ಈ ಪ್ರಶ್ನೆ ಹಿಡಿದುಕೊಂಡು ಬಂದ ವಿದ್ಯಾರ್ಥಿಯ ಜೊತೆ ಅರ್ಧ ಗಂಟೆ ಕೂತರೆ ನನಗೆ ಆಗುವ ಸಂತೋಷವೇ ಬೇರೆ. ಕೆಲಸ ಅರ್ಧ ಅಲ್ಲೇ ಮುಗಿದಿರುತ್ತದೆ.

ಮಗ ದಾರಿ ತಪ್ಪಿದ ಅಂತಲೂ ಕೊರಗಬೇಡಿ. ಅಮೆರಿಕದ ಶಿಕ್ಷಣ ಅಂಕಿಅಂಶ ಕೇಂದ್ರ 2011-12ರಲ್ಲಿ ಕಾಲೇಜು ಸೇರಿದವರನ್ನು ಮೂರು ವರ್ಷ ಗಮನಿಸಿ 2017ರಲ್ಲಿ ಕೊಟ್ಟ ವರದಿಯ ಪ್ರಕಾರ, ಮೇಜರ್ ಘೋಷಿಸಿದ್ದ ಬ್ಯಾಚುಲರ್ ವಿದ್ಯಾರ್ಥಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರು ಒಮ್ಮೆಯಾದರೂ ಮೇಜರ್ ಬದಲಿಸಿದ್ದರು. ಗಣಿತ ಮೇಜರ್ ಆಗಿ ಶುರುಮಾಡಿದವರಲ್ಲಂತೂ 52 ಶೇಕಡಾ.

ಇನ್ನು ಅಡ್ವೈಸರ್ ವಿಷಯ, ಅಂದರೆ ವಿದ್ಯಾರ್ಥಿಗಳಿಗೆ ಕೋರ್ಸು ಆರಿಸಲು ದಾರಿ ತೋರಿಸುವ ನನ್ನಂಥವರ ವಿಷಯ. "ಅಡ್ವೈಸರ್ ಒಪ್ಪುತ್ತಾರಾ?" ಅನ್ನುವ ಮಾತನ್ನು ಕೇಳಿದಾಗಲೆಲ್ಲ ನನಗೆ ಸ್ವಲ್ಪ ನೋವಾಗುತ್ತದೆ. ಒಪ್ಪಿಗೆ ಕೊಡುವುದು, ನಿರಾಕರಿಸುವುದು ನಮ್ಮ ಕೆಲಸದ ತೀರ ಸಣ್ಣ ಭಾಗ. ಎಕನಾಮಿಕ್ಸ್‌ನಂಥ ಮೇಜರ್‌ಗೆ ಬಹಳ ಕಡೆ ಒಂದು ಫಾರ್ಮ್, ಒಂದು ಸಹಿ ಸಾಕು. ಕೆಲವು ಕಡೆ ಇಂತಿಷ್ಟು ಜಿಪಿಎ (ಗ್ರೇಡುಗಳ ಸರಾಸರಿ) ಕೇಳುತ್ತಾರೆ. ಬಾಗಿಲು ನಿಜವಾಗಿ ಬಿಗಿ ಇರುವುದು ಕಂಪ್ಯೂಟರ್ ಸೈನ್ಸ್, ನರ್ಸಿಂಗ್‌ನಂಥ ಕಡೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನಲ್ಲಿ 2023ರಲ್ಲಿ ಸೇರಿದ ಬ್ಯಾಚಿನಿಂದ ಕಂಪ್ಯೂಟರ್ ಸೈನ್ಸ್ ಬಹುಪಾಲು ಪ್ರವೇಶದ ಹೊತ್ತಿಗೇ ತೀರ್ಮಾನವಾಗಿಬಿಡುತ್ತದೆ. ಅಂಥ ಕಡೆ ಬೇರೆ ಮೇಜರ್‌ನಲ್ಲಿ ಸೇರಿ ಆಮೇಲೆ ಒಳಗೆ ಹೋಗೋಣ ಅನ್ನುವ ಲೆಕ್ಕಾಚಾರ ಬೇಡ, ಅದರಲ್ಲಿ ಸೋತು ಕೂತವರನ್ನು ತುಂಬ ನೋಡಿದ್ದೇನೆ.

ಅಡ್ವೈಸರ್ ಹತ್ತಿರ ಹೋಗುವ ಮುಂಚೆ ಮಗ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಡಿಗ್ರಿ ಆಡಿಟ್, ಅಂದರೆ ಪದವಿಗೆ ಏನು ಮುಗಿದಿದೆ, ಏನು ಬಾಕಿ ಅನ್ನುವ ಪಟ್ಟಿ, ತೆಗೆಯಲಿ. ಅದರಲ್ಲಿ ಸಾಮಾನ್ಯವಾಗಿ 'ವಾಟ್-ಇಫ್' ಅನ್ನುವ ಆಯ್ಕೆ ಇರುತ್ತದೆ. ಎಕನಾಮಿಕ್ಸ್ ಅಂತ ಆರಿಸಿದರೆ, ಮುಗಿಸಿದ ಪ್ರತಿ ಕೋರ್ಸು ಎಲ್ಲಿ ಹೋಗಿ ಕೂರುತ್ತದೆ, ಯಾವುದು ಬಾಕಿ ಅಂತ ಅದೇ ತೋರಿಸುತ್ತದೆ. ಮೇಜರ್ ಏನೂ ಬದಲಾಗುವುದಿಲ್ಲ, ಎಷ್ಟು ಸಲ ಬೇಕಾದರೂ ನೋಡಬಹುದು. ಆಮೇಲೆ ಆ ಹಾಳೆ ಹಿಡಿದು ಹೊಸ ವಿಭಾಗದ ಅಡ್ವೈಸರ್ ಹತ್ತಿರ ಹೋಗಬೇಕು, ಬರೀ ಹಳೆಯವರ ಹತ್ತಿರ ಅಲ್ಲ. ಕಂಪ್ಯೂಟರ್ ಹೇಳದ ವಿಷಯಗಳು ಅವರಿಗೆ ಗೊತ್ತಿರುತ್ತವೆ: ಯಾವ ಕೋರ್ಸು ವರ್ಷಕ್ಕೊಮ್ಮೆ, ಫಾಲ್ ಸೆಮಿಸ್ಟರ್‌ನಲ್ಲಿ ಮಾತ್ರ ನಡೆಯುತ್ತದೆ, ಯಾವುದರಲ್ಲಿ ಡಿ ಗ್ರೇಡ್ ಬಂದರೆ ಪದವಿಯ ಲೆಕ್ಕಕ್ಕೆ ಆದರೂ ಮೇಜರ್ ಲೆಕ್ಕಕ್ಕೆ ಆಗುವುದಿಲ್ಲ. ವರ್ಷಕ್ಕೊಮ್ಮೆ ನಡೆಯುವ ಒಂದು ಕೋರ್ಸು ಕೈತಪ್ಪಿದರೆ ಒಂದು ವರ್ಷ ಹಿಂದೆ ಬೀಳಬಹುದು.

ಮಗ ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದರೆ ಇನ್ನೊಬ್ಬರನ್ನು ನೋಡಲೇಬೇಕು. ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಡಿಎಸ್ಒ, ಅಂದರೆ ವಿದೇಶಿ ವಿದ್ಯಾರ್ಥಿಗಳ ವೀಸಾ ದಾಖಲೆ ನೋಡಿಕೊಳ್ಳುವ ಅಧಿಕಾರಿ. ಮೇಜರ್ ಬದಲಾದರೆ ಅವರು ಸೆವಿಸ್ ಅನ್ನುವ ಸರ್ಕಾರಿ ವ್ಯವಸ್ಥೆಯಲ್ಲಿ ಅವನ ದಾಖಲೆ ತಿದ್ದಿ, ಓದಿನ ವಿಷಯ ಮತ್ತು ಅವಧಿ ಬರೆದಿರುವ ಐ-20 ಪತ್ರವನ್ನು ಹೊಸದಾಗಿ ಕೊಡಬೇಕು. ಓದು ಮುಗಿಯಲು ಹೆಚ್ಚು ಸಮಯ ಬೇಕಾದರೆ ಐ-20ರಲ್ಲಿರುವ ಕೊನೆಯ ದಿನಾಂಕಕ್ಕೆ ಮುಂಚೆಯೇ ವಿಸ್ತರಣೆ ಕೇಳಬೇಕು. ಮೇಜರ್ ಬದಲಾವಣೆಯನ್ನು ನಿಯಮವೇ ಒಂದು ಸಕಾರಣ ಅಂತ ಹೆಸರಿಸಿದೆ. ಮೊದಲ ಶೈಕ್ಷಣಿಕ ವರ್ಷದಲ್ಲಿ ಮೇಜರ್ ಬದಲಿಸದಂತೆ ತಡೆಯುವ ಪ್ರಸ್ತಾಪವೂ 2025ರ ಆಗಸ್ಟ್‌ನಲ್ಲಿ ಪ್ರಕಟವಾದ ಕರಡು ನಿಯಮದಲ್ಲಿತ್ತು. ಹಾಗಾಗಿ ಫಾರ್ಮ್ ತುಂಬುವ ಮುಂಚೆ ಆ ದಿನಕ್ಕೆ ಜಾರಿಯಲ್ಲಿರುವ ನಿಯಮ ಏನು ಅಂತ ಡಿಎಸ್ಒ ಬಾಯಿಂದಲೇ ಕೇಳಬೇಕು. ಇನ್ನೊಂದು, "ಹೇಗೂ ಬದಲಿಸ್ತೀನಲ್ಲ" ಅಂತ ಸೆಮಿಸ್ಟರ್ ನಡುವೆ ಥರ್ಮೊಡೈನಮಿಕ್ಸ್ ಡ್ರಾಪ್ ಮಾಡುವುದು. ಎಫ್-1 ಪದವಿ ವಿದ್ಯಾರ್ಥಿ ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಓದುತ್ತಿರಬೇಕು. ಡಿಎಸ್ಒ ಅನುಮತಿ ಇಲ್ಲದೆ ಅದಕ್ಕಿಂತ ಕೆಳಗಿಳಿದರೆ ವೀಸಾ ಸ್ಥಿತಿಗೇ ಕುತ್ತು.

ನೀವು ಕೇಳದಿದ್ದರೂ ಹೇಳಲೇಬೇಕಾದ ಇನ್ನೊಂದು ವಿಷಯ ಇದೆ. ಮೆಕ್ಯಾನಿಕಲ್ ಓದಿದರೆ ಪದವಿಯ ನಂತರ 12 ತಿಂಗಳ ಓಪಿಟಿ, ಅಂದರೆ ಅಲ್ಲೇ ಕೆಲಸ ಮಾಡುವ ಅನುಮತಿ, ಅದರ ಮೇಲೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪದವಿಗಳಿಗಿರುವ 24 ತಿಂಗಳ ಸ್ಟೆಮ್ ವಿಸ್ತರಣೆ ಸಿಗಬಹುದು. ಎಕನಾಮಿಕ್ಸ್‌ಗೆ? ಅದು ಮೇಜರ್‌ನ ಹೆಸರಿನ ಮೇಲೆ ನಿಂತಿಲ್ಲ, ಐ-20ರಲ್ಲಿ ಅಚ್ಚಾಗುವ, ಓದಿನ ವಿಷಯಗಳಿಗೆ ಸರ್ಕಾರ ಕೊಟ್ಟಿರುವ ಸಿಐಪಿ ಸಂಖ್ಯೆಯ ಮೇಲೆ ನಿಂತಿದೆ. 45.0601 ಅಂದರೆ ಸಾಮಾನ್ಯ ಎಕನಾಮಿಕ್ಸ್, ಅದು ಸ್ಟೆಮ್ ಪಟ್ಟಿಯಲ್ಲಿಲ್ಲ. 45.0603 ಅಂದರೆ ಇಕನಾಮೆಟ್ರಿಕ್ಸ್ ಮತ್ತು ಕ್ವಾಂಟಿಟೇಟಿವ್ ಎಕನಾಮಿಕ್ಸ್, ಅದು ಇದೆ. ಹಲವು ವಿಶ್ವವಿದ್ಯಾಲಯಗಳು ತಮ್ಮ ಎಕನಾಮಿಕ್ಸ್ ಪದವಿಯನ್ನು ಈ ಎರಡನೆಯ ಸಂಖ್ಯೆಗೆ ಬದಲಿಸಿಕೊಂಡಿವೆ, ಕೆಲವು ಕಡೆ ಎರಡೂ ಬಗೆಯ ಪದವಿ ಅಕ್ಕಪಕ್ಕದಲ್ಲೇ ಇವೆ. ಕೊನೆಯ ಎರಡಂಕಿಯ ವ್ಯತ್ಯಾಸ, ಎರಡು ವರ್ಷದ ಕೆಲಸದ ಅವಕಾಶ. ಮೇಜರ್ ಘೋಷಿಸುವ ಮುಂಚೆ ಈ ಸಂಖ್ಯೆ ಯಾವುದು ಅಂತ ಮಗ ಕೇಳಿ ತಿಳಿದುಕೊಳ್ಳಲಿ. ಎಕನಾಮಿಕ್ಸ್ ಬೇಡ ಅನ್ನುವುದಕ್ಕೆ ಇದನ್ನು ಹೇಳುತ್ತಿಲ್ಲ. ಗೊತ್ತಿದ್ದು ಆರಿಸಲಿ ಅಂತ ಅಷ್ಟೇ.

"ನಾನೇ ಅಡ್ವೈಸರ್‌ಗೆ ಫೋನ್ ಮಾಡಿ ಮಾತಾಡಿಬಿಡಲಾ?" ಅಂತ ಮುಂದೆ ಕೇಳುತ್ತೀರಿ, ಎಲ್ಲ ತಂದೆತಾಯಿಗಳೂ ಕೇಳುತ್ತಾರೆ. ಮಾಡಬಹುದು, ನಾವು ಎತ್ತುತ್ತೇವೆ, ವಿನಯದಿಂದ ಮಾತಾಡುತ್ತೇವೆ, ನಿಮ್ಮ ಮಗನ ಬಗ್ಗೆ ಮಾತ್ರ ಒಂದು ಮಾತೂ ಹೇಳುವುದಿಲ್ಲ. ಅದು ಸೊಕ್ಕಲ್ಲ. 1974ರ ಫೆರ್ಪಾ ಕಾನೂನಿನ ಪ್ರಕಾರ ವಿದ್ಯಾರ್ಥಿ ಕಾಲೇಜು ಸೇರಿದ ಕೂಡಲೇ ಅವನ ಓದಿನ ದಾಖಲೆಯ ಹಕ್ಕು ತಂದೆತಾಯಿಯಿಂದ ಅವನ ಕೈಗೆ ಬರುತ್ತದೆ, ಫೀಸು ಯಾರು ಕಟ್ಟುತ್ತಿದ್ದರೂ ಸರಿ. ಅವನು ಲಿಖಿತವಾಗಿ ಅನುಮತಿ ಕೊಟ್ಟರೆ ಮಾತಾಡಬಹುದು, ಆ ಫಾರ್ಮ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ.

ಆದರೆ ಫಾರ್ಮ್‌ಗಿಂತ ಸುಲಭದ ದಾರಿ ಒಂದಿದೆ. ಈ ಭಾನುವಾರ ವಿಡಿಯೊ ಕಾಲ್‌ನಲ್ಲಿ ಮಗನಿಗೆ ಆ ವಾಟ್-ಇಫ್ ಹಾಳೆ ತೆರೆದು ಸ್ಕ್ರೀನ್ ಶೇರ್ ಮಾಡಲು ಹೇಳಿ. ಯಾಕೆ ಬದಲಿಸ್ತೀಯ ಅಂತ ಶುರುಮಾಡಬೇಡಿ. ಸ್ಟ್ಯಾಟಿಕ್ಸ್ ಎಲ್ಲಿ ಹೋಗಿ ಕೂತಿದೆ ತೋರಿಸು ಅಂತ ಕೇಳಿ.